ಬೋರ್ಡು ಬದಲಿಸಿದ ಮೇಲೆ ಬಂದ ಸದ್ದು: ಒಂದು ಪ್ರೆಸ್ಸಿನ ಹಾರ್ಡ್ ಡಿಸ್ಕ್ ಪ್ರಕರಣ

ಈ ಪ್ರಕರಣದ ಪ್ರೆಸ್ಸು ಉತ್ತರ ಕರ್ನಾಟಕದ ಒಂದು ಊರಿನದು. ಊರು, ಮಾಲೀಕರು, ಡಿಸ್ಕಿನ ಕಂಪನಿ, ಪುಸ್ತಕ ಯಾವುದರ ಹೆಸರನ್ನೂ ಇಲ್ಲಿ ಹೇಳಿಲ್ಲ. ಗುರುತು ಹತ್ತಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಮಾಲೀಕರ ಒಪ್ಪಿಗೆ ಇದೆ. ಡೇಟಾ ರಿಕವರಿ ಮಾಡುವವರ ಕಣ್ಣಿಗೆ ಇದು ದೊಡ್ಡ ಸಾಹಸವಲ್ಲ, ಇದಕ್ಕಿಂತ ಕೆಟ್ಟ ಸ್ಥಿತಿಯ ಡಿಸ್ಕುಗಳು ನಮ್ಮ ಮೇಜಿಗೆ ಬರುತ್ತಲೇ ಇರುತ್ತವೆ. ಆದರೆ ಹೆಜ್ಜೆಹೆಜ್ಜೆಗೂ ತಪ್ಪು ನಿರ್ಧಾರವೇ ಸರಿ ಎಂದು ತೋರುವ ಪ್ರಕರಣಗಳು ಕಡಿಮೆ. ಅದಕ್ಕಾಗಿ ಬರೆಯುತ್ತಿದ್ದೇನೆ.

ಹಿನ್ನೆಲೆ

ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲದಿಂದ ನಡೆದುಬಂದ ಪ್ರೆಸ್ಸು, ಈಗ ಆಫ್‌ಸೆಟ್. ಮದುವೆ ಕಾರ್ಡು, ಬಿಲ್ ಬುಕ್ಕು, ಜಾತ್ರೆಯ ಕರಪತ್ರಗಳಿಂದ ಹೊಟ್ಟೆ ತುಂಬುತ್ತದೆ. ವರ್ಷಕ್ಕೆ ನಾಲ್ಕಾರು ಪುಸ್ತಕಗಳಿಂದ ಹೆಸರು ಉಳಿಯುತ್ತದೆ. ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಡಿಟಿಪಿ ಕೆಲಸವೆಲ್ಲ ಪೇಜ್‌ಮೇಕರ್‌ನಲ್ಲಿ, ನುಡಿ ಫಾಂಟಿನಲ್ಲಿ. 2001ರಲ್ಲಿ ಬಂದ ಪೇಜ್‌ಮೇಕರ್ 7ರ ನಂತರ ಆ ತಂತ್ರಾಂಶಕ್ಕೆ ಮುಂದಿನ ದೊಡ್ಡ ಆವೃತ್ತಿಯೇ ಬರಲಿಲ್ಲ. ಆದರೂ ನಮ್ಮ ಊರುಗಳ ಪ್ರೆಸ್ಸುಗಳಲ್ಲಿ ಅದು ಇನ್ನೂ ಬದುಕಿದೆ. ಕೈ ಕುಳಿತಿರುವುದು ಅದಕ್ಕೆ, ಹಳೆಯ ಫೈಲುಗಳಿರುವುದೂ ಅದರಲ್ಲೇ.

ಎಲ್ಲ ಕೆಲಸವೂ ಒಂದೇ ಕಂಪ್ಯೂಟರಿನಲ್ಲಿ, ಒಂದೇ 1 ಟಿಬಿ ಡಿಸ್ಕಿನಲ್ಲಿ. ಪುಸ್ತಕಗಳ ಫೈಲು, ಮುಖಪುಟದ ವಿನ್ಯಾಸಗಳು, ಹಳೆಯ ಪುಸ್ತಕಗಳ ಸ್ಕ್ಯಾನುಗಳು, ಟ್ಯಾಲಿ ಲೆಕ್ಕ. ಬ್ಯಾಕಪ್ ಇಲ್ಲವೇ ಎಂದು ಕೇಳಿದಾಗ ಮಾಲೀಕರು ಧೈರ್ಯವಾಗಿಯೇ ಒಂದು ಪೆನ್‌ಡ್ರೈವ್ ತೆಗೆದುಕೊಟ್ಟರು. ಅದರಲ್ಲಿ ಪುಸ್ತಕದ ಹೆಸರಿನ ಫೈಲುಗಳು ಸಾಲಾಗಿ ಇದ್ದವು, ಪ್ರತಿಯೊಂದೂ ಒಂದೆರಡು ಕೆಬಿಯಷ್ಟೇ. ಡೆಸ್ಕ್‌ಟಾಪಿನ ಮೇಲಿದ್ದ ಶಾರ್ಟ್‌ಕಟ್‌ಗಳನ್ನು ಯಾರೋ ನಿಷ್ಠೆಯಿಂದ ಕಾಪಿ ಮಾಡುತ್ತ ಬಂದಿದ್ದರು. ಇದನ್ನು ಓದಿ ನಗುವವರು ತಮ್ಮ ಬ್ಯಾಕಪ್ಪಿನಿಂದ ಒಂದು ಫೈಲನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ, ಆಮೇಲೆ ನಗಬಹುದು.

ಆ ಹೊತ್ತಿಗೆ ಕೈಯಲ್ಲಿದ್ದ ದೊಡ್ಡ ಕೆಲಸ, ತೀರಿಹೋದ ಲೇಖಕರೊಬ್ಬರ ಸಮಗ್ರ ಬರಹದ ಒಂದು ಸಂಪುಟ. ಮೂರನೇ ಪ್ರೂಫಿನ ತಿದ್ದುಪಡಿ ಮುಗಿದು ಪುಟಗಳು ಪ್ಲೇಟಿಗೆ ಹೋಗುವುದರಲ್ಲಿದ್ದವು. ಬಿಡುಗಡೆಯ ದಿನ ಗೊತ್ತಾಗಿ, ಆಮಂತ್ರಣ ಪತ್ರಿಕೆಯೂ ಅಚ್ಚಾಗಿತ್ತು. ಅದೂ ಅದೇ ಪ್ರೆಸ್ಸಿನಲ್ಲಿ.

ಏನಾಯಿತು

ಮಳೆಗಾಲದ ಒಂದು ಸಂಜೆ ಕರೆಂಟು ಹೋಗಿ ಬಂತು. ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್‌ನಿಂದ ಸುಟ್ಟ ವಾಸನೆ. ರಿಪೇರಿ ಅಂಗಡಿಯವರು ಹೊಸ ಎಸ್‌ಎಂಪಿಎಸ್ ಹಾಕಿದರು. ಆದರೂ ಕಂಪ್ಯೂಟರ್ ಆನ್ ಆಗಲಿಲ್ಲ, ಫ್ಯಾನು ಒಂದು ಕ್ಷಣ ಅಲ್ಲಾಡಿ ನಿಲ್ಲುತ್ತಿತ್ತು. ಹಾರ್ಡ್ ಡಿಸ್ಕಿನ ಪವರ್ ಕೇಬಲ್ ಕಿತ್ತ ಕೂಡಲೇ ಆನ್ ಆಯಿತು. ‘ಡಿಸ್ಕ್ ಶಾರ್ಟ್ ಆಗಿದೆ’ ಎಂದರು ಅಂಗಡಿಯವರು, ಅಷ್ಟರ ಮಟ್ಟಿಗೆ ಮಾತು ಸರಿ.

ಮುಂದಿನ ಹೆಜ್ಜೆಯೂ ಕೆಟ್ಟ ಉದ್ದೇಶದ್ದಲ್ಲ. ಅವರ ಬಳಿ ಅದೇ ಮಾಡೆಲ್ಲಿನ ಹಳೆಯ ಡಿಸ್ಕ್ ಒಂದಿತ್ತು. ಅದರ ತಳದ ಹಸಿರು ಸರ್ಕ್ಯೂಟ್ ಬೋರ್ಡು ಬಿಚ್ಚಿ ಇದಕ್ಕೆ ಕೂಡಿಸಿದರು. ಬೋರ್ಡಿನ ಮೇಲಿನ ನಂಬರು ಕೂಡ ಒಂದೇ. ಡಿಸ್ಕ್ ತಿರುಗಿತು. ತಿರುಗಿ, ಟಕ್ ಟಕ್ ಎಂದು ಬಡಿದು, ನಿಂತುಹೋಯಿತು. ಮತ್ತೆ ಮತ್ತೆ ಹಾಕಿ ನೋಡಿದರು, ಅದೇ ಸದ್ದು. ಆ ಸದ್ದನ್ನು ವಾಟ್ಸಾಪಿನಲ್ಲಿ ಕೇಳಿಸಿಕೊಂಡ ಇನ್ನೊಬ್ಬ ರಿಕವರಿಯವರು ‘ಹೆಡ್ ಹೋಗಿದೆ, ಬಿಚ್ಚಬೇಕು’ ಎಂದು ಮೊತ್ತವನ್ನೂ ಹೇಳಿದ್ದರು. ಮಾಲೀಕರು ನಮ್ಮಲ್ಲಿಗೆ ಬಂದದ್ದು ಎರಡನೇ ಅಭಿಪ್ರಾಯ ಕೇಳಲು.

ಟಕ್ ಟಕ್ ಸದ್ದು ಕೇಳಿದರೆ ಯಾರಿಗೇ ಆಗಲಿ ಹೆಡ್ಡಿನ ನೆನಪೇ ಬರುತ್ತದೆ. ಹೆಡ್ಡು ಎಂದರೆ ತೋಳಿನ ತುದಿಯಲ್ಲಿದ್ದು ಮಾಹಿತಿ ಓದುವ, ಬರೆಯುವ ಪುಟ್ಟ ಭಾಗ. ಪ್ಲ್ಯಾಟರ್ ಎಂಬ ತಿರುಗುವ ತಟ್ಟೆಯ ಮೇಲೆ ಜಾಗ ತೋರಿಸುವ ಸರ್ವೋ ಗುರುತುಗಳನ್ನು ಅದು ಓದಲಾಗದಿದ್ದಾಗ ತೋಳು ಹುಡುಕುತ್ತ ಹೋಗಿ ಅಂಚಿಗೆ ಬಡಿಯುವ ಸದ್ದು ಅದು. ಆದರೆ ಓದಲಾಗದಿರಲು ಹೆಡ್ಡೇ ಕೆಟ್ಟಿರಬೇಕೆಂದಿಲ್ಲ. ಈ ಕಾಲದ ಡಿಸ್ಕುಗಳಲ್ಲಿ ಪ್ರತಿಯೊಂದು ಹೆಡ್ಡಿನ ಗುಣಕ್ಕೆ ತಕ್ಕಂತೆ ಕಾರ್ಖಾನೆಯಲ್ಲೇ ಹೊಂದಿಸಿದ ಮಾಹಿತಿ ಇರುತ್ತದೆ. ಅದರಲ್ಲಿ ಒಂದು ಭಾಗ ಪ್ಲ್ಯಾಟರಿನ ಮೇಲೆ, ಡಿಸ್ಕನ್ನು ನಡೆಸುವ ಒಳ ತಂತ್ರಾಂಶವಾದ ಫರ್ಮ್‌ವೇರ್ ಇರುವ ಜಾಗದಲ್ಲಿ. ಅಲ್ಲಿಗೆ ತಲುಪಲು ಬೇಕಾದ ಮೊದಲ ಭಾಗ ಬೋರ್ಡಿನ ಮೇಲಿನ ರಾಮ್ ಚಿಪ್ಪಿನಲ್ಲಿ. ಬರೆಯುವ ರ‍್ಯಾಮ್ ಅಲ್ಲ, ಓದುವ ರಾಮ್, ಎಂಟು ಕಾಲಿನ ಪುಟ್ಟ ಚಿಪ್ಪು. ಎರಡು ಡಿಸ್ಕುಗಳ ಮಾಡೆಲ್ ಒಂದೇ ಆದರೂ ಈ ಹೊಂದಾಣಿಕೆ ಒಂದೇ ಆಗಿರುವುದಿಲ್ಲ. ಆ ಚಿಪ್ಪನ್ನು ಹೊಸ ಬೋರ್ಡಿಗೆ ಸಾಗಿಸದೆ ಬೋರ್ಡು ಬದಲಿಸಿದರೆ ಆರೋಗ್ಯವಾಗಿರುವ ಡಿಸ್ಕೂ ಟಕ್ ಟಕ್ ಎನ್ನುತ್ತದೆ.

ಹಾಗಾಗಿ ಮೇಜಿನ ಮೇಲಿದ್ದ ಡಿಸ್ಕಿಗೆ ಪವರ್ ಕೊಡುವ ಮೊದಲು ಕೇಳಿದ್ದು ಒಂದೇ ಪ್ರಶ್ನೆ: ಇದರ ಮೂಲ ಬೋರ್ಡು ಎಲ್ಲಿ?

ಗುಜರಿ ಡಬ್ಬಿಯ ಬೋರ್ಡು

ಅಂಗಡಿಯವರಿಗೆ ಫೋನು ಹೋಯಿತು. ಮೊದಲು ‘ಒಗೆದುಬಿಟ್ಟೀವ್ರಿ’ ಎಂದರು. ಮಾಲೀಕರು ಊರಿಗೆ ಮರಳಿ, ಅಂಗಡಿಯಲ್ಲೇ ಕುಳಿತು ಹುಡುಕಿಸಿದರು. ಗುಜರಿಗೆ ಹೋಗಬೇಕಿದ್ದ ಡಬ್ಬಿಯಲ್ಲಿ ಸಿಕ್ಕಿತು. ಅದು ಸಿಗದೇ ಹೋಗಿದ್ದರೆ ಈ ಬರಹಕ್ಕೆ ಬೇರೆಯದೇ ಕೊನೆ ಇರುತ್ತಿತ್ತು. ರಾಮ್ ಕಳೆದುಹೋದ ಡಿಸ್ಕಿಗೆ ಹೊಂದಾಣಿಕೆಯನ್ನು ಅಂದಾಜಿನಲ್ಲಿ ಕಟ್ಟುವುದು ಕೆಲವು ಬಗೆಯ ಡಿಸ್ಕುಗಳಲ್ಲಿ ಮಾತ್ರ ಸಾಧ್ಯ, ಅದೂ ದಿನಗಟ್ಟಲೆ ಹಿಡಿಯುವ ಕೆಲಸ.

ಬೋರ್ಡಿನ ರೋಗ ಸರಳ. 12 ವೋಲ್ಟ್ ದಾರಿಯಲ್ಲಿ ಕಾವಲಿಗೆಂದು ಇಟ್ಟಿರುವ ಟಿವಿಎಸ್ ಡಯೋಡ್ ಶಾರ್ಟ್ ಆಗಿತ್ತು. ವೋಲ್ಟೇಜ್ ಮಿತಿ ಮೀರಿದಾಗ ತಾನು ಸತ್ತು ಉಳಿದದ್ದನ್ನು ಉಳಿಸುವುದೇ ಅದರ ಕೆಲಸ, ಇಲ್ಲಿ ಅದನ್ನು ಮಾಡಿತ್ತು. ಕಂಪ್ಯೂಟರ್ ಆನ್ ಆಗದೆ ಇದ್ದದ್ದಕ್ಕೂ ಅದೇ ಕಾರಣ: ಶಾರ್ಟ್ ಕಂಡ ಹೊಸ ಎಸ್‌ಎಂಪಿಎಸ್ ತನ್ನನ್ನು ಕಾಪಾಡಿಕೊಳ್ಳಲು ಆಫ್ ಆಗುತ್ತಿತ್ತು. ಡಯೋಡನ್ನು ಬಿಚ್ಚಿ ತೆಗೆದೆವು. ಮೋಟಾರ್ ಓಡಿಸುವ ಚಿಪ್ಪಿನ ಕಾಲುಗಳನ್ನು ಮೀಟರಿನಲ್ಲಿ ನೋಡಿದೆವು. ರಾಮ್ ಓದಿ ಒಂದು ಪ್ರತಿ ಇಟ್ಟುಕೊಂಡೆವು. ಆಮೇಲೆಯೇ ಬೋರ್ಡನ್ನು ಡಿಸ್ಕಿಗೆ ಕೂಡಿಸಿ, ಕರೆಂಟಿಗೆ ಮಿತಿ ಹಾಕಿದ ಪವರ್ ಸಪ್ಲೈಯಿಂದ ಓಡಿಸಿದೆವು. ಕಾವಲು ಡಯೋಡಿಲ್ಲದ ಬೋರ್ಡನ್ನು ಸಾಮಾನ್ಯ ಎಸ್‌ಎಂಪಿಎಸ್‌ಗೆ ಹಾಕುವುದು ಎರಡನೇ ಅಪಾಯವನ್ನು ಕರೆದಂತೆ.

ಟಕ್ ಟಕ್ ಇಲ್ಲ. ಡಿಸ್ಕ್ ತಿರುಗಿ, ಒಳಗಿನ ಫರ್ಮ್‌ವೇರ್ ಓದಿಕೊಂಡು, ತನ್ನ ಮಾಡೆಲ್ ನಂಬರನ್ನೂ 1,95,35,25,168 ಸೆಕ್ಟರುಗಳ (ಮಾಹಿತಿ ಇಡುವ ಪುಟ್ಟ ತುಂಡುಗಳ) ಪೂರ್ತಿ ಗಾತ್ರವನ್ನೂ ಹೇಳಿತು. ಪ್ಲ್ಯಾಟರಿನಿಂದ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುವ ಹೆಡ್ಡುಗಳಿರುವ ಕೋಣೆಯ ಮುಚ್ಚಳವನ್ನು, ತೆರೆಯುವ ಅಗತ್ಯವೇ ಇಲ್ಲದಿದ್ದಾಗ ತೆರೆಯುವ ಹಂತದಲ್ಲಿತ್ತು ಈ ಪ್ರಕರಣ. ತೆರೆದಿದ್ದರೂ ಬಹುಶಃ ಏನೂ ಸಿಗುತ್ತಿರಲಿಲ್ಲ. ಹೊಸ ಹೆಡ್ಡು ಹಾಕಿದರೂ ಆ ಬೋರ್ಡಿನಲ್ಲಿ ಟಕ್ ಟಕ್ ಮುಂದುವರಿಯುತ್ತಿತ್ತು.

ಇಲ್ಲಿಗೆ ಮುಗಿಯಿತು ಎಂದುಕೊಂಡರು ಮಾಲೀಕರು. ‘ಇನ್ನ ಕಾಪಿ ಮಾಡ್ರಿ ಸರ, ಊರಿಗೆ ಹೊಂಟೆ’ ಎಂದರು.

ಎರಡನೇ ರೋಗ

ಓದಲು ಸಿಗುವ ಡಿಸ್ಕನ್ನು ನೇರವಾಗಿ ವಿಂಡೋಸಿಗೆ ಹಾಕಿ ಫೋಲ್ಡರ್ ಎಳೆಯುವುದು ನಮ್ಮಲ್ಲಿ ಇಲ್ಲ. ವಿಂಡೋಸ್ ತಾನಾಗಿ ಬರೆಯುತ್ತದೆ, ಕೆಟ್ಟ ಸೆಕ್ಟರ್ ಸಿಕ್ಕರೆ ಅಲ್ಲೇ ಜಗ್ಗಾಡುತ್ತದೆ, ಅದರ ಮೇಲೆ, ದೋಷ ಹುಡುಕಿ ತಿದ್ದುವ ‘ಚೆಕ್‌ಡಿಸ್ಕ್ ಮಾಡಲೇ’ ಎಂದೂ ಕೇಳುತ್ತದೆ. ಸೋಲುತ್ತಿರುವ ಡಿಸ್ಕಿನ ಮೇಲೆ ಚೆಕ್‌ಡಿಸ್ಕ್ ಓಡಿಸಿ ಫೋಲ್ಡರುಗಳ ಹೆಸರನ್ನೇ ಕಳೆದುಕೊಂಡು ಬಂದವರನ್ನು ಎಷ್ಟೋ ಕಂಡಿದ್ದೇವೆ. ಈ ಪ್ರೆಸ್ಸಿನ ಪುಣ್ಯವೆಂದರೆ, ತಪ್ಪು ಬೋರ್ಡಿನಿಂದಾಗಿ ಡಿಸ್ಕ್ ಒಮ್ಮೆಯೂ ವಿಂಡೋಸಿಗೆ ಕಾಣಿಸಿಕೊಂಡಿರಲಿಲ್ಲ, ಹಾಗಾಗಿ ಯಾರಿಗೂ ಏನನ್ನೂ ಬರೆಯಲಾಗಿರಲಿಲ್ಲ.

ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ಬರೆದಿಟ್ಟುಕೊಳ್ಳುವ ಸ್ಮಾರ್ಟ್ ಪಟ್ಟಿ ನೋಡಿದಾಗ 5 ಮತ್ತು 197ನೇ ಸಾಲುಗಳಲ್ಲಿ ಅಂಕಿಗಳಿದ್ದವು. ಬದಲಿ ಜಾಗಕ್ಕೆ ಸಾಗಿಸಿದ ಸೆಕ್ಟರುಗಳು ಒಂದರಲ್ಲಿ, ಓದಲಾಗದೆ ಕಾಯುತ್ತಿರುವವು ಇನ್ನೊಂದರಲ್ಲಿ. ಅಂದರೆ ಕರೆಂಟಿನ ಘಟನೆಗೆ ಮೊದಲೇ ಡಿಸ್ಕ್ ಸುಸ್ತಾಗಿತ್ತು. ಡಿಸ್ಕಿನಲ್ಲಿ ಎರಡು ಪ್ಲ್ಯಾಟರ್, ನಾಲ್ಕು ಹೆಡ್ಡು. ಒಂದೊಂದನ್ನೂ ಬೇರೆಬೇರೆಯಾಗಿ ಪರೀಕ್ಷಿಸಿದಾಗ 0, 1 ಮತ್ತು 3 ಚೆನ್ನಾಗಿದ್ದವು. 2ನೆಯದು ಎಡವುತ್ತಿತ್ತು. ಪೂರ್ತಿ ಸತ್ತಿಲ್ಲ, ಓದುತ್ತದೆ, ತಡೆಯುತ್ತದೆ, ಮತ್ತೆ ಓದುತ್ತದೆ.

ಮೊದಲ ಕೆಲಸ ಫರ್ಮ್‌ವೇರ್ ಮಾಡ್ಯೂಲುಗಳ ಪ್ರತಿ. ಎರಡನೆಯದು, ಡಿಸ್ಕ್ ತನ್ನ ಪಾಡಿಗೆ ತಾನು ಮಾಡುವ ಹಿನ್ನೆಲೆಯ ಪರೀಕ್ಷೆಗಳನ್ನೂ ಸೆಕ್ಟರ್ ಸಾಗಣೆಯನ್ನೂ ನಿಲ್ಲಿಸುವುದು. ಮೂರನೆಯದು ತಾಂತ್ರಿಕವೇ ಅಲ್ಲ: ಏನು ಬೇಕು ಎಂದು ಕೇಳುವುದು.

‘ಎಲ್ಲಾನೂ ಬೇಕ್ರಿ ಸರ, ಮೂವತ್ತ ವರ್ಷದ್ದು ಐತಿ.’

ಎಲ್ಲರೂ ಹೇಳುವುದು ಇದನ್ನೇ. ಆದರೆ ದುರ್ಬಲ ಹೆಡ್ಡಿಗೆ ಎಷ್ಟು ಆಯುಸ್ಸು ಉಳಿದಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಆ ಆಯುಸ್ಸನ್ನು ಯಾವುದಕ್ಕೆ ಖರ್ಚು ಮಾಡಬೇಕು ಎಂಬುದನ್ನು ಡಿಸ್ಕಿನ ಒಡೆಯರೇ ಹೇಳಬೇಕು. ಹಳೆಯ ಮದುವೆ ಕಾರ್ಡುಗಳನ್ನು ಓದುತ್ತಿರುವಾಗ ಹೆಡ್ಡು ಸತ್ತರೆ ಅದಕ್ಕೆ ನಾವು ಕೊಡುವ ಉತ್ತರವಿಲ್ಲ. ಅರ್ಧ ಗಂಟೆ ಕುಳಿತು ಮಾತಾಡಿದ ಮೇಲೆ ಪಟ್ಟಿ ಹೊರಬಂತು. ಮೊದಲು ಆ ಸಂಪುಟ. ಆಮೇಲೆ ಟ್ಯಾಲಿ. ಆಮೇಲೆ ಉಳಿದ ಪುಸ್ತಕಗಳು. ಸ್ಕ್ಯಾನುಗಳು ಕೊನೆಗೆ, ಕಾರ್ಡುಗಳು ‘ಸಿಕ್ಕಷ್ಟ ಸಾಕು’.

ಆದರೆ ಸಂಪುಟದ ಫೈಲು ಯಾವ ಫೋಲ್ಡರಿನಲ್ಲಿ, ಯಾವ ಹೆಸರಿನಲ್ಲಿ ಇದೆ ಎಂಬುದು ಮಾಲೀಕರಿಗೆ ತಿಳಿದಿರಲಿಲ್ಲ. ತಿಳಿದಿದ್ದವರು ಡಿಟಿಪಿ ಮಾಡುವ ಹೆಣ್ಣುಮಗಳು. ಅವರನ್ನು ಫೋನಿಗೆ ಕರೆದದ್ದು ಈ ಪ್ರಕರಣದಲ್ಲಿ ತೆಗೆದುಕೊಂಡ ಅತ್ಯಂತ ಲಾಭದ ನಿರ್ಧಾರ ಎಂದು ನನ್ನ ಎಣಿಕೆ. ಫೈಲಿನ ಹೆಸರು, ಅದರ ‘ಫೈನಲ್’, ‘ಫೈನಲ್ ನ್ಯೂ’, ‘ಫೈನಲ್ 2’ ಎಂಬ ಸಂತಾನ, ಯಾವುದು ಯಾವ ಪ್ರೂಫಿನದು, ಎಲ್ಲವೂ ಅವರ ನಾಲಿಗೆಯ ತುದಿಯಲ್ಲಿತ್ತು.

ಇಮೇಜಿಂಗ್

ಇಮೇಜಿಂಗ್ ಎಂದರೆ ಡಿಸ್ಕಿನ ಸೆಕ್ಟರುಗಳನ್ನು ಇದ್ದ ಹಾಗೆಯೇ ಬೇರೆಡೆಗೆ ನಕಲಿಸುವುದು. ಮೊದಲು ಓದಿದ್ದು ವಿಂಡೋಸ್ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆಯಾದ ಎನ್‌ಟಿಎಫ್‌ಎಸ್‌ನ ಎಂಎಫ್‌ಟಿ ಎಂಬ ಪಟ್ಟಿ. ಫೈಲುಗಳ ಹೆಸರು, ಗಾತ್ರ, ಅವು ಡಿಸ್ಕಿನ ಯಾವ ಜಾಗದಲ್ಲಿವೆ ಎಂಬ ಲೆಕ್ಕ ಅಲ್ಲಿರುತ್ತದೆ. ಅದು ಕೈಗೆ ಬಂದರೆ ಡಿಸ್ಕಿನ ನಕ್ಷೆಯೇ ಸಿಕ್ಕಂತೆ. ತುಂಬಿದ ಜಾಗ ಯಾವುದು, ಖಾಲಿ ಯಾವುದು ಎಂದು ಹೇಳುವ ಬಿಟ್‌ಮ್ಯಾಪನ್ನೂ ಓದಿಕೊಂಡೆವು. ತುಂಬಿದ್ದದ್ದು ಸುಮಾರು ಮೂರನೇ ಒಂದು ಭಾಗ. ಖಾಲಿ ಜಾಗಕ್ಕಾಗಿ ಹೆಡ್ಡು ಸವೆಸುವ ಅಗತ್ಯವಿಲ್ಲವಾಯಿತು.

ನಂತರ 2ನೇ ಹೆಡ್ಡನ್ನು ಬದಿಗಿಟ್ಟು ಉಳಿದ ಮೂರರಿಂದ ಓದಿದೆವು. ಅದು ಸಲೀಸಾಗಿ ನಡೆಯಿತು. ಇಲ್ಲಿ ಒಂದು ಮಾತು. ಡಿಸ್ಕ್ ತನ್ನ ಜಾಗವನ್ನು ಒಂದೊಂದು ಹೆಡ್ಡಿಗೆ ಒಂದೊಂದು ಇಡೀ ಭಾಗವೆಂದು ಹಂಚಿರುವುದಿಲ್ಲ. ಒಂದು ಹೆಡ್ಡಿನಲ್ಲಿ ಕೆಲವು ಟ್ರ್ಯಾಕು, ಮುಂದಿನದರಲ್ಲಿ ಕೆಲವು, ಹೀಗೆ ಪಟ್ಟೆಪಟ್ಟೆಯಾಗಿ ಸಾಗುತ್ತದೆ. ಒಂದು ಹೆಡ್ಡು ಇಲ್ಲವಾದರೆ ಇಡೀ ಡಿಸ್ಕಿನ ಉದ್ದಕ್ಕೂ ಇಳಕಲ್ ಸೀರೆಯ ಗೆರೆಗಳಂತೆ ತೂತುಗಳು ಬೀಳುತ್ತವೆ. ಸಣ್ಣ ಫೈಲುಗಳು ಒಂದೋ ಪೂರ್ತಿ ಉಳಿಯುತ್ತವೆ, ಇಲ್ಲವೇ ಪೂರ್ತಿ ಹೋಗುತ್ತವೆ. ದೊಡ್ಡ ಫೈಲುಗಳಿಗೆ ತೂತು ಖಚಿತ. ಹಾಗಾಗಿ ವರ್ಡ್ ಫೈಲುಗಳು, ಚಿಕ್ಕ ಪೇಜ್‌ಮೇಕರ್ ಫೈಲುಗಳು ಬಹುಪಾಲು ಸಿಕ್ಕವು. ಐದಂಕಿಯ ಹೆಸರಿನ ಟ್ಯಾಲಿ ಫೋಲ್ಡರಿನಲ್ಲಿ ಕೆಲವೇ ಫೈಲುಗಳು ಕೊರತೆ. ಸಂಪುಟದ ಕೊನೆಯ ಫೈಲು ಎರಡು ಪಟ್ಟೆಗಳ ನಡುವೆ ಹರಿದಿತ್ತು.

ಎರಡು ದಾರಿಗಳಿದ್ದವು. ಒಂದು, ಡಿಸ್ಕನ್ನು ಧೂಳಿಲ್ಲದ ಕ್ಲೀನ್ ಬೆಂಚಿನಲ್ಲಿ ಬಿಚ್ಚಿ, ಹೊಂದುವ ಡೋನರ್ (ಬಿಡಿಭಾಗ ಕೊಡುವ) ಡಿಸ್ಕಿನಿಂದ ಹೆಡ್ಡು ಬದಲಿಸುವುದು. ಡೋನರಿಗಾಗಿ ಬೆಂಗಳೂರಿನ ಎಸ್.ಪಿ. ರಸ್ತೆಯ ಹಳೆಯ ಡಿಸ್ಕುಗಳ ಅಂಗಡಿಗಳಲ್ಲಿ ವಿಚಾರಿಸಿಯೂ ಇದ್ದೆವು. ಮಾಡೆಲ್ ಒಂದೇ ಇದ್ದರೆ ಸಾಲದು, ತಯಾರಾದ ಕಾಲ, ಹೆಡ್ಡುಗಳ ಜೋಡಣೆ, ಹೆಡ್ಡಿನ ಸಂಕೇತವನ್ನು ಹಿಗ್ಗಿಸುವ ಒಳಗಿನ ಪ್ರಿಆಂಪ್ ಚಿಪ್ಪು ಎಲ್ಲವೂ ಹತ್ತಿರವಿರಬೇಕು. ಇನ್ನೊಂದು ದಾರಿ, ಎಡವುತ್ತಿರುವ ಹೆಡ್ಡಿನಿಂದಲೇ, ಪಟ್ಟಿಯಲ್ಲಿ ಮೊದಲಿರುವ ಫೈಲುಗಳ ಸೆಕ್ಟರುಗಳನ್ನು ಮಾತ್ರ ಕೇಳುವುದು.

ಹೆಡ್ಡು ಬದಲಿಸುವುದು ದೊಡ್ಡ ಕೆಲಸವಾಗಿ ಕಾಣುತ್ತದೆ, ಬಿಲ್ಲೂ ದೊಡ್ಡದಾಗುತ್ತದೆ. ಆದರೆ ಬದಲಿಸಿದ ಹೆಡ್ಡು ಈ ಪ್ಲ್ಯಾಟರಿಗೆ ಎಂದೂ ಪೂರ್ತಿ ಒಗ್ಗುವುದಿಲ್ಲ. ಈಗ ಅರ್ಧಂಬರ್ಧ ಓದುತ್ತಿರುವುದನ್ನು ತೆಗೆದು ಒಗ್ಗದೇ ಇರಬಹುದಾದದ್ದನ್ನು ಹಾಕುವ ಮೊದಲು, ಇರುವುದರಿಂದ ಬೇಕಾದಷ್ಟನ್ನು ಪಡೆದುಕೊಳ್ಳುವುದೇ ಲೇಸು ಎಂದು ತೀರ್ಮಾನಿಸಿದೆವು. ಮಾಲೀಕರಿಗೆ ಎರಡೂ ದಾರಿಯ ಲಾಭ ನಷ್ಟ ತಿಳಿಸಿ ಬರಹದಲ್ಲಿ ಒಪ್ಪಿಗೆ ಪಡೆದೆವು. ಓದುವ ಹೊತ್ತಿಗೆ ಕಾಯುವ ಸಮಯವನ್ನು ತೀರಾ ಕಡಿಮೆ ಮಾಡಿ, ಒಂದೇ ಕಡೆ ಪದೇಪದೇ ಪ್ರಯತ್ನಿಸದಂತೆ ಹೊಂದಿಸಿದೆವು. ತಡವರಿಸಿದ ಕಡೆ ಜಿಗಿದು ಮುಂದೆ, ಆಮೇಲೆ ಕೊನೆಯಿಂದ ಮೊದಲಿನ ಕಡೆಗೆ. ಟ್ಯಾಲಿ ಪೂರ್ತಿಯಾಯಿತು. ಸಂಪುಟದ ಫೈಲು ತುಂಬುತ್ತ ಬಂತು. ಕೊನೆಗೆ ಕೆಲವು ಸೆಕ್ಟರುಗಳು ಯಾವ ದಿಕ್ಕಿನಿಂದ ಕೇಳಿದರೂ ಬರಲಿಲ್ಲ. ಅಷ್ಟರಲ್ಲಿ ಹೆಡ್ಡಿನ ವೇಗವೂ ಬಿದ್ದುಹೋಗಿತ್ತು. ನಿಲ್ಲಿಸಿದೆವು.

ಓದಲಾಗದ ಸೆಕ್ಟರುಗಳ ಜಾಗದಲ್ಲಿ ಸೊನ್ನೆ ತುಂಬುವುದಿಲ್ಲ, ಒಂದು ಗುರುತಿನ ಮಾದರಿಯನ್ನು ತುಂಬುತ್ತೇವೆ. ಆಮೇಲೆ ಆ ಗುರುತನ್ನು ಹುಡುಕಿದರೆ ಯಾವ ಫೈಲಿಗೆ ಪೆಟ್ಟಾಗಿದೆ ಎಂದು ನಿಖರವಾಗಿ ಗೊತ್ತಾಗುತ್ತದೆ. ಸೊನ್ನೆ ತುಂಬಿದರೆ ಅದು ಫೈಲಿನದೇ ಸೊನ್ನೆಯೋ ನಮ್ಮದೋ ತಿಳಿಯದು.

‘ಹಾಳಾಗ್ಯಾವ್ರಿ ಇವು’

ಸಿಕ್ಕ ಫೈಲುಗಳನ್ನು ನೋಡಲು ಮಾಲೀಕರು ಬಂದರು. ವರ್ಡ್ ಫೈಲೊಂದನ್ನು ತೆರೆದು ತೋರಿಸಿದಾಗ ಅವರ ಮುಖ ಇಳಿಯಿತು. ಪರದೆಯ ತುಂಬ ಲ್ಯಾಟಿನ್ ಅಕ್ಷರಗಳು, ಅವುಗಳ ತಲೆಯ ಮೇಲೆ ಗೆರೆ, ಚುಕ್ಕೆ, ನಡುವೆ ಪೌಂಡಿನ ಗುರುತು. ‘ಹಾಳಾಗ್ಯಾವ್ರಿ ಇವು’ ಎಂದರು.

ಹಾಳಾಗಿರಲಿಲ್ಲ. ನುಡಿಯ ಹಳೆಯ ಫಾಂಟುಗಳು ಕನ್ನಡ ಅಕ್ಷರಗಳ ತುಂಡುಗಳನ್ನು ಲ್ಯಾಟಿನ್ ಅಕ್ಷರಗಳ ಜಾಗದಲ್ಲಿ ಕೂಡಿಸುತ್ತವೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಒಳಗಿನ ಲ್ಯಾಟಿನ್ನೇ ಕಾಣುತ್ತದೆ. ಕನ್ನಡ ತಿಳಿಯದ ಲ್ಯಾಬಿನಲ್ಲಿ ಇಂಥ ಫೈಲುಗಳು ‘ಕರಪ್ಟ್’ ಎಂಬ ಪಟ್ಟಿಗೆ ಸೇರಿದ್ದನ್ನು ಕಂಡಿದ್ದೇನೆ. ಅಲ್ಲಿಗೇ ಬಿಟ್ಟು ಬಂದವರೂ ಇದ್ದಾರೆ. ಫಾಂಟ್ ಹಾಕುವ ಮೊದಲೇ ಆ ಪರದೆಯ ಫೋಟೋವನ್ನು ಡಿಟಿಪಿಯವರಿಗೆ ಕಳಿಸಿದೆವು. ಕ್ಷಣದಲ್ಲಿ ಉತ್ತರ: ‘ಅದು ಮುನ್ನುಡಿ ಐತ್ರಿ. ಓದಾಕ ಬರತೈತಿ.’ ವರ್ಷಗಟ್ಟಲೆ ಆ ಗೊಂದಲವನ್ನೇ ನೋಡಿದ ಕಣ್ಣಿಗೆ ಅದೂ ಒಂದು ಲಿಪಿಯಾಗಿಬಿಟ್ಟಿತ್ತು.

ಇದು ಹುಡುಕುವ ವಿಧಾನಕ್ಕೂ ತಟ್ಟುತ್ತದೆ. ಡಿಸ್ಕಿನ ಇಮೇಜಿನಲ್ಲಿ ಒಂದು ವಾಕ್ಯವನ್ನು ಹುಡುಕಬೇಕಾದರೆ ಯೂನಿಕೋಡ್ ಕನ್ನಡದಲ್ಲಿ ಹುಡುಕಿ ಪ್ರಯೋಜನವಿಲ್ಲ. ಅದನ್ನು ನುಡಿಯ ಸಂಕೇತಕ್ಕೆ ತಿರುಗಿಸಿ ಬೈಟುಗಳನ್ನು ಹುಡುಕಬೇಕು. ವರ್ಡಿನ ಹಳೆಯ ಡಾಕ್ (.doc) ಫೈಲುಗಳಲ್ಲಿ ಪಠ್ಯ ಕೆಲವೊಮ್ಮೆ ಅಕ್ಷರಕ್ಕೆ ಒಂದು ಬೈಟು, ಕೆಲವೊಮ್ಮೆ ಎರಡು. ಎರಡೂ ರೀತಿ ಹುಡುಕಬೇಕು. ಹೊಸ ಡಾಕ್ಸ್ (.docx) ಫೈಲು ಒತ್ತಿ ಕುಗ್ಗಿಸಿದ ಜಿಪ್ ಆಗಿರುವುದರಿಂದ ಈ ಹುಡುಕಾಟಕ್ಕೆ ಸಿಗುವುದೇ ಇಲ್ಲ. ಪ್ರೆಸ್ಸುಗಳು ಹಳೆಯ ರೂಢಿಗೆ ಅಂಟಿಕೊಂಡಿರುವುದು ರಿಕವರಿಯವನಿಗೆ ಅನುಕೂಲವಾಗುವ ಅಪರೂಪದ ಸಂದರ್ಭ ಇದು.

ಹರಿದ ಫೈಲನ್ನು ಕೂಡಿಸಿದ್ದು

ಸಂಪುಟದ ಕೊನೆಯ ಫೈಲನ್ನು ಪೇಜ್‌ಮೇಕರ್ ತೆರೆಯಲಿಲ್ಲ. ತೂತು ಚಿಕ್ಕದಾದರೂ ಬಿದ್ದದ್ದು ಅದು ಸಹಿಸಲಾರದ ಜಾಗದಲ್ಲಿ. ಈ ಹಂತದಲ್ಲಿ ‘ಶೇಕಡಾ ಇಷ್ಟು ಸಿಕ್ಕಿದೆ’ ಎಂದು ವರದಿ ಕೊಟ್ಟು ಕೈತೊಳೆದುಕೊಳ್ಳಬಹುದಿತ್ತು. ಗಾತ್ರದ ಲೆಕ್ಕದಲ್ಲಿ ಫೈಲು ಹೆಚ್ಚುಕಡಿಮೆ ಪೂರ್ತಿ, ಉಪಯೋಗದ ಲೆಕ್ಕದಲ್ಲಿ ಸೊನ್ನೆ.

ಡಿಟಿಪಿಯವರಿಗೆ ನೆನಪಾದದ್ದು ‘ಫೈನಲ್ 2’. ಪದಸೂಚಿ ಮಾಡುವ ಇನ್ನೊಬ್ಬರಿಗೆ ಕೊಡಲೆಂದು, ಕೊನೆಯ ಸುತ್ತಿನ ತಿದ್ದುಪಡಿಗೆ ಮೊದಲು ಬೇರೆ ಫೋಲ್ಡರಿನಲ್ಲಿ ‘ಸೇವ್ ಆ್ಯಸ್’ ಮಾಡಿದ್ದ ಪ್ರತಿ. ಅದು ಒಳ್ಳೆಯ ಹೆಡ್ಡಿನ ಪಟ್ಟೆಯಲ್ಲಿ ಪೂರ್ತಿ ಇತ್ತು, ತೆರೆಯಿತು. ಪುಟ ವಿನ್ಯಾಸ ಅಷ್ಟೂ ಸಿಕ್ಕಿದಂತಾಯಿತು. ಇಲ್ಲದಿದ್ದದ್ದು ಕೊನೆಯ ಸುತ್ತಿನ ತಿದ್ದುಪಡಿಗಳು ಮಾತ್ರ, ಅವುಗಳನ್ನು ಗುರುತು ಹಾಕಿದ್ದ ಕಾಗದ ರದ್ದಿಗೆ ಹೋಗಿತ್ತು.

ಆದರೆ ತೆರೆಯದ ಫೈಲಿನೊಳಗೆ ಪಠ್ಯ ಇತ್ತಲ್ಲ. ಪೇಜ್‌ಮೇಕರ್‌ಗೆ ತೆರೆಯಲಾಗದಿದ್ದರೂ ಬೈಟುಗಳಾಗಿ ಅದನ್ನು ಹೆಕ್ಕಬಹುದು. ಹೆಕ್ಕಿದ್ದನ್ನು ಯೂನಿಕೋಡಿಗೆ ತಿರುಗಿಸಿದೆವು. ‘ಫೈನಲ್ 2’ರ ಪಠ್ಯವನ್ನೂ ಹಾಗೆಯೇ ತಿರುಗಿಸಿ, ಎರಡನ್ನೂ ಸಾಲುಸಾಲಾಗಿ ಹೋಲಿಸಿದಾಗ ವ್ಯತ್ಯಾಸಗಳೆಲ್ಲ ಎದ್ದು ಕಂಡವು. ಒಂದು ಒತ್ತು, ಒಂದು ಇಸವಿ, ಬಿಟ್ಟುಹೋಗಿದ್ದ ಒಂದು ಸಾಲು. ಕೆಲವು ತುಂಡುಗಳು ಎರಡೆರಡು ಬಾರಿ, ಹಳೆಯ ರೂಪದಲ್ಲೂ ಹೊಸ ರೂಪದಲ್ಲೂ ಸಿಕ್ಕವು. ಪೇಜ್‌ಮೇಕರ್‌ನಲ್ಲಿ ವೇಗವಾಗಿ ಸೇವ್ ಮಾಡುವ ಆಯ್ಕೆ ಇದ್ದಾಗ ಹಳೆಯದನ್ನು ಅಳಿಸದೆ ಹೊಸದನ್ನು ಕೊನೆಗೆ ಸೇರಿಸುತ್ತ ಹೋಗುತ್ತದೆ. ಯಾವುದು ಹೊಸದು ಎಂದು ಬಿಡಿಸಿದವರು ಡಿಟಿಪಿಯವರೇ. ತೂತಿನೊಳಗೇ ಹೋದ ಭಾಗ ಕೆಲವು ಪ್ಯಾರಾಗಳಷ್ಟು. ಅವುಗಳನ್ನು ಪ್ರೂಫ್ ನೋಡಿದ ಮೇಷ್ಟ್ರು ಮತ್ತೊಮ್ಮೆ ಓದಿ ತಿದ್ದಿದರು.

ಪುಸ್ತಕ ಆಮಂತ್ರಣದಲ್ಲಿದ್ದ ದಿನವೇ ಹೊರಬಂತು.

ಉಳಿದದ್ದು

ಈ ಪ್ರಕರಣದ ನಂತರ ನಮ್ಮ ಒಳಬರುವ ಫಾರಂನಲ್ಲಿ ಎರಡು ಸಾಲು ಸೇರಿದವು. ‘ಬೋರ್ಡು ಬದಲಾಗಿದೆಯೇ, ಮೂಲ ಬೋರ್ಡು ಎಲ್ಲಿದೆ’ ಎಂಬುದು ಒಂದು. ಈ ಫೈಲುಗಳನ್ನು ದಿನವೂ ಕೈಯಾರೆ ಮಾಡುವವರ ಫೋನ್ ನಂಬರು ಇನ್ನೊಂದು. ಡಿಸ್ಕ್ ತರುವವರು ಬಹಳ ಸಲ ಅದರ ಒಡೆಯರಾಗಿರುತ್ತಾರೆ, ಅದರೊಳಗೆ ಏನಿದೆ ಎಂದು ಬಲ್ಲವರಾಗಿರುವುದಿಲ್ಲ. ಆ ಊರಿನ ರಿಪೇರಿ ಅಂಗಡಿಯವರು ಈಗ ಸತ್ತ ಡಿಸ್ಕ್ ಬಂದರೆ ಬೋರ್ಡು ಮುಟ್ಟದೆ ಹಾಗೇ ಕಳಿಸುತ್ತಾರೆ. ಅವರನ್ನು ದೂರುವುದು ಸುಲಭ, ಆದರೆ ಹದಿನೈದು ವರ್ಷಗಳಿಗೂ ಹಿಂದಿನ ಎಷ್ಟೋ ಡಿಸ್ಕುಗಳಲ್ಲಿ ಬೋರ್ಡು ಬದಲಿಸಿದರೆ ಕೆಲಸ ಆಗುತ್ತಿತ್ತು. ಅವರ ವಿದ್ಯೆ ಸುಳ್ಳಾಗಿರಲಿಲ್ಲ, ಹಳತಾಗಿತ್ತು.

ಪ್ರೆಸ್ಸಿನವರು ಎರಡು ಎಕ್ಸ್‌ಟರ್ನಲ್ ಡಿಸ್ಕು ಕೊಂಡರು. ವಾರಕ್ಕೊಂದರಂತೆ ಅದಲುಬದಲು ಮಾಡಿ, ಒಂದನ್ನು ಯಾವಾಗಲೂ ಮನೆಯಲ್ಲಿಡುತ್ತಾರೆ. ಕಂಪ್ಯೂಟರಿಗೆ ಸದಾ ಚುಚ್ಚಿಟ್ಟ ಡಿಸ್ಕು ಅಂಥದೇ ಇನ್ನೊಂದು ಸಂಜೆ ಎಸ್‌ಎಂಪಿಎಸ್ ಜೊತೆಗೇ ಹೋಗಬಹುದು.

ಸ್ಕ್ಯಾನುಗಳಲ್ಲಿ ಬಹಳಷ್ಟು ಅರ್ಧಕ್ಕೆ ನಿಂತ ಚಿತ್ರಗಳಾಗಿಯೇ ಉಳಿದವು. ಅವಕ್ಕಾಗಿ ಹೆಡ್ಡು ಬದಲಿಸೋಣವೇ ಎಂದು ಖರ್ಚಿನ ಅಂದಾಜಿನೊಂದಿಗೆ ಕೇಳಿದಾಗ ಮಾಲೀಕರು ಒಂದು ದಿನ ಯೋಚಿಸಿ ಬೇಡವೆಂದರು. ಮೂಲ ಪುಸ್ತಕಗಳು ಇನ್ನೂ ಕಪಾಟಿನಲ್ಲಿವೆ, ಮತ್ತೆ ಸ್ಕ್ಯಾನ್ ಮಾಡಿಸುವುದು ಅಗ್ಗ.